ಕುದಿಬಿಸಿಯಲ್ಲೂ ಕೆಡದ ಕಿಣ್ವ: 243 ಪ್ರಯೋಗದ ಕೆಲಸ 35ರಲ್ಲಿ ಮುಗಿಯೋದು ಹೇಗೆ?

ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.



ಮೆಕ್ಕೆಜೋಳದಿಂದ ಎಥೆನಾಲ್ ತಯಾರಿಸೋ ಬಗ್ಗೆ ಹಿಂದೊಮ್ಮೆ ಮಾತಾಡಿದ್ವಿ. ಆ ಸಂಚಿಕೆ ಆದಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನ ಇವತ್ತಿಗೆ ಎತ್ತಿಟ್ಟುಕೊಂಡಿದ್ದೆ. ಒಂದು: "ಕಾರ್ಖಾನೆಯಲ್ಲಿ ಎಂಜೈಮ್ ಹಾಕ್ತಾರೆ ಅಂದ್ರಲ್ಲ, ಅದು ಎಲ್ಲಿಂದ ಬರುತ್ತೆ?" ಇನ್ನೊಂದು ಎಂ.ಎಸ್ಸಿ ಓದ್ತಿರೋ ಕೇಳುಗರೊಬ್ಬರದು: "ಪ್ರಾಜೆಕ್ಟ್‌ಗೆ ಇರೋದು ನಾಲ್ಕೇ ತಿಂಗಳು. ಬ್ಯಾಕ್ಟೀರಿಯಾದಿಂದ ಎಂಜೈಮ್ ಹೆಚ್ಚು ಬರೋ ಹಾಗೆ ಮಾಡಬೇಕು. ಸಾಫ್ಟ್‌ವೇರ್ ಒಂದು ಮಾಡೆಲ್ ಕೊಟ್ಟಿದೆ, ಆರ್ ಸ್ಕ್ವೇರ್ 0.98 ಅಂತ ತೋರಿಸ್ತಿದೆ. ನಂಬಿ ಥೀಸಿಸ್ ಬರೆದುಬಿಡಲಾ?"

ನಾನು ಬಿ.ಕಾಂ ಓದಿದವಳು, ಮೈಕ್ರೋಬಯಾಲಜಿ ಅಲ್ಲ. ಆದರೆ ಈ ವಿಷಯ ಓದ್ತಾ ಹೋದ ಹಾಗೆ ಒಂದು ಮಾತು ಗಟ್ಟಿಯಾಯ್ತು. ಇದರ ಅರ್ಧ ಜೀವಶಾಸ್ತ್ರ, ಇನ್ನರ್ಧ ಬಜೆಟ್. ಕೈಯಲ್ಲಿರೋ ದುಡ್ಡು ಮತ್ತು ದಿನಗಳಲ್ಲಿ ಎಷ್ಟು ಪ್ರಯೋಗ ಮಾಡಬಹುದು, ಅಷ್ಟರಲ್ಲೇ ಹೆಚ್ಚು ವಿಷಯ ತಿಳ್ಕೊಳ್ಳೋದು ಹೇಗೆ ಅನ್ನೋದೇ ಪ್ರಶ್ನೆ.

ಬಿಸಿ ತಡೆಯೋ ಕಿಣ್ವ ಯಾಕೆ ಬೇಕು?

ಜೋಳದ ರೊಟ್ಟಿ ತುಂಡನ್ನ ನುಂಗದೆ ಅಗೀತಾ ಇದ್ರೆ ಸ್ವಲ್ಪ ಹೊತ್ತಿಗೆ ಸಿಹಿ ಅನ್ಸುತ್ತೆ. ನಮ್ಮ ಜೊಲ್ಲಿನಲ್ಲಿರೋ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನ ಕತ್ತರಿಸಿ ಸಕ್ಕರೆ ಮಾಡ್ತಿರುತ್ತೆ. ಕಾರ್ಖಾನೆಯಲ್ಲಿ ಬೇಕಿರೋದೂ ಇದೇ ಕೆಲಸ. ತೊಂದರೆ ಏನಂದ್ರೆ, ಮೆಕ್ಕೆಜೋಳದ ಹಿಟ್ಟು ನೀರಲ್ಲಿ ಗಂಜಿ ಆಗಬೇಕಾದ್ರೆ ಸುಮಾರು 60-70 ಡಿಗ್ರಿ ದಾಟಬೇಕು. ಗಂಜಿ ಆದ ತಕ್ಷಣ ಅದು ಎಷ್ಟು ಗಟ್ಟಿಯಾಗುತ್ತೆ ಅಂದ್ರೆ ಪಂಪ್‌ನಲ್ಲಿ ಹರಿಯೋದೇ ಕಷ್ಟ. ಆ ಬಿಸಿಯಲ್ಲೇ, ಸಾಮಾನ್ಯವಾಗಿ 85ರಿಂದ 95 ಡಿಗ್ರಿಯಲ್ಲಿ, ಅದನ್ನ ತೆಳ್ಳಗೆ ಮಾಡಬೇಕು. ಪಿಷ್ಟ ಸಂಸ್ಕರಣೆಯ ಕೆಲವು ಘಟಕಗಳಲ್ಲಿ ಹಬೆ ಹಾಯಿಸಿ ಕೆಲವು ನಿಮಿಷ 105 ಡಿಗ್ರಿವರೆಗೂ ಒಯ್ಯುತ್ತಾರೆ.

ಕಿಣ್ವ ಅಂದ್ರೆ ಪ್ರೋಟೀನ್. ಮೊಟ್ಟೆ ಬೇಯಿಸಿದ್ರೆ ಬಿಳಿಭಾಗ ಗಟ್ಟಿಯಾಗುತ್ತಲ್ಲ, ಹಾಗೆ ಬಿಸಿಗೆ ಹೆಚ್ಚಿನ ಪ್ರೋಟೀನ್‌ಗಳು ತಮ್ಮ ಆಕಾರ ಕಳ್ಕೊಳ್ತವೆ. ಆಕಾರ ಹೋದರೆ ಕೆಲಸವೂ ಹೋಯ್ತು. ನಮ್ಮ ಜೊಲ್ಲಿನ ಅಮೈಲೇಸ್ ಆ ಗಂಜಿಗೆ ಬಿದ್ದ ಕೂಡಲೇ ಕೆಡುತ್ತೆ. ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಅನ್ನೋ ಬ್ಯಾಕ್ಟೀರಿಯಾ ಮಾಡೋ ಅಮೈಲೇಸ್ ಮಾತ್ರ 90 ಡಿಗ್ರಿಯಲ್ಲೂ ಕೆಲಸ ಮಾಡುತ್ತೆ. ದಶಕಗಳಿಂದ ಉದ್ಯಮ ಇದನ್ನ ನೆಚ್ಚಿಕೊಂಡಿದೆ.

ಇಲ್ಲಿ ತುಂಬಾ ಜನ ಒಂದು ಕಡೆ ಎಡವುತ್ತಾರೆ. ಕಿಣ್ವ 90 ಡಿಗ್ರಿ ತಡೆಯುತ್ತೆ ಅಂದ್ರೆ ಬ್ಯಾಕ್ಟೀರಿಯಾವನ್ನೂ 90 ಡಿಗ್ರಿಯಲ್ಲೇ ಬೆಳೆಸಬೇಕು ಅಂತೇನಿಲ್ಲ. ಈ ಬ್ಯಾಸಿಲಸ್ ಬೆಳೆಯೋದು ಸುಮಾರು 37ರಿಂದ 50 ಡಿಗ್ರಿಯಲ್ಲಿ. ನಿಜವಾಗಿ ಬಿಸಿನೀರಲ್ಲೇ ಬದುಕೋವೂ ಇವೆ. 1966ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಕಂಡುಕೊಂಡ ಥರ್ಮಸ್ ಅಕ್ವಾಟಿಕಸ್‌ಗೆ 70 ಡಿಗ್ರಿ ಅಂದ್ರೆ ಹಿತ. ಪಿಸಿಆರ್ ಪರೀಕ್ಷೆಯಲ್ಲಿ ಬಳಸೋ ಟ್ಯಾಕ್ ಕಿಣ್ವ ಅದರದ್ದೇ. ಆದರೆ ಇವತ್ತು ಅದನ್ನೂ ಹೆಚ್ಚಾಗಿ ಇ. ಕೋಲೈ ಒಳಗೆ ಜೀನ್ ಸೇರಿಸಿ 37 ಡಿಗ್ರಿಯಲ್ಲಿ ಬೆಳೆಸ್ತಾರೆ. ಆಮೇಲೆ ಕೋಶ ಒಡೆದು ಆ ರಸವನ್ನ 75 ಡಿಗ್ರಿಗೆ ಕಾಯಿಸಿದ್ರೆ ಇ. ಕೋಲೈಯ ಹೆಚ್ಚಿನ ಪ್ರೋಟೀನ್‌ಗಳು ಬೆಂದು ಕೆಳಗೆ ಕೂರುತ್ತವೆ, ಟ್ಯಾಕ್ ಹಾಗೇ ಉಳಿಯುತ್ತೆ. ಬಿಸಿ ತಡೆಯೋ ಗುಣವೇ ಶುದ್ಧ ಮಾಡೋ ಜರಡಿ ಆಗುತ್ತೆ.

ನಮ್ಮ ರಾಜ್ಯಕ್ಕೂ ಇದಕ್ಕೂ ನಂಟಿದೆ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಎಷ್ಟು ಬೆಳೀತಾರೆ ಅಂತ ನಾನು ಹೇಳಬೇಕಿಲ್ಲ. ಬಯೋಕಾನ್ 1978ರಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದು ಔಷಧದಿಂದಲ್ಲ, ಕಿಣ್ವದಿಂದ. ಪರಂಗಿಹಣ್ಣಿನ ಹಾಲಿಂದ ತೆಗೆಯೋ ಪಪೈನ್ ಅದರ ಮೊದಮೊದಲ ಸರಕು. ತನ್ನ ಕಿಣ್ವ ವ್ಯವಹಾರವನ್ನ ಅದು 2007ರಲ್ಲಿ ಡೆನ್ಮಾರ್ಕ್‌ನ ನೋವೋಜೈಮ್ಸ್‌ಗೆ ಮಾರಿತು.

ಬ್ಯಾಕ್ಟೀರಿಯಾ ಅಡುಗೆಮನೆ

ಈಗ ಬೆಳೆಸೋ ವಿಷಯಕ್ಕೆ ಬರೋಣ. ಬ್ಯಾಸಿಲಸ್‌ನಲ್ಲಿ ಒಂದು ಅನುಕೂಲ ಇದೆ: ಅದು ಅಮೈಲೇಸನ್ನ ಕೋಶದಿಂದ ಹೊರಗೆ, ತಾನು ಬೆಳೆಯೋ ದ್ರವಕ್ಕೇ ಬಿಡುತ್ತೆ. ಕೋಶ ಒಡೆಯೋ ಖರ್ಚಿಲ್ಲ. ಆ ದ್ರವದಲ್ಲಿ ಏನೇನು ಹಾಕಬೇಕು? ಇಂಗಾಲಕ್ಕೆ ಪಿಷ್ಟ ಅಥವಾ ಗೋಧಿ ಬೂಸಾ. ಸಾರಜನಕಕ್ಕೆ ಶೇಂಗಾ ಹಿಂಡಿ ಅಥವಾ ಯೀಸ್ಟ್ ಎಕ್ಸ್‌ಟ್ರಾಕ್ಟ್. ಸ್ವಲ್ಪ ಕ್ಯಾಲ್ಸಿಯಂ, ಫಾಸ್ಫೇಟ್. ಇದರ ಮೇಲೆ ಪಿಎಚ್, ಉಷ್ಣತೆ, ಎಷ್ಟು ಗಂಟೆ ಬೆಳೆಸೋದು, ಎಷ್ಟು ಗಾಳಿ.

ಹೆಚ್ಚು ಊಟ ಹಾಕಿದ್ರೆ ಹೆಚ್ಚು ಕಿಣ್ವ ಬರುತ್ತೆ ಅಂತೇನಿಲ್ಲ. ಗ್ಲೂಕೋಸ್ ಸುರಿದ್ರೆ ಬ್ಯಾಕ್ಟೀರಿಯಾ ಸೊಗಸಾಗಿ ಬೆಳೆಯುತ್ತೆ, ಆದರೆ ಅಮೈಲೇಸ್ ಮಾಡೋದನ್ನ ಕಡಿಮೆ ಮಾಡುತ್ತೆ. ತಟ್ಟೆಗೇ ಊಟ ಬಂದ್ರೆ ಯಾರು ಒಲೆ ಹಚ್ತಾರೆ? ಹಾಗಂತ ಬಿಟ್ಟು ಕಾದರೂ ಕಷ್ಟ. ಹೊತ್ತು ಹೆಚ್ಚಾದಂತೆ ಅದೇ ಬ್ಯಾಕ್ಟೀರಿಯಾ ಬಿಡೋ ಪ್ರೋಟಿಯೇಸ್‌ಗಳು, ಅಂದ್ರೆ ಪ್ರೋಟೀನ್ ಕತ್ತರಿಸೋ ಕಿಣ್ವಗಳು, ನಮಗೆ ಬೇಕಾದ ಸರಕನ್ನೇ ತಿನ್ನೋಕೆ ಶುರು ಮಾಡಬಹುದು.

ಒಂದೊಂದೇ ಬದಲಿಸಿದ್ರೆ ಏನಾಗುತ್ತೆ?

ಇಡ್ಲಿ ಹಿಟ್ಟು ನೆನಪು ಮಾಡ್ಕೊಳ್ಳಿ. "ಎಷ್ಟು ಗಂಟೆ ಹುದುಗಬೇಕು?" ಅಂತ ಕೇಳಿದ್ರೆ ಅಮ್ಮ ಒಂದೇ ಉತ್ತರ ಕೊಡಲ್ಲ. ಏಪ್ರಿಲ್‌ನಲ್ಲಿ ರಾಯಚೂರಲ್ಲೋ, ಡಿಸೆಂಬರ್‌ನಲ್ಲಿ ಮಡಿಕೇರಿಯಲ್ಲೋ ಅನ್ನೋದರ ಮೇಲೆ ಗಂಟೆ ನಿರ್ಧಾರ ಆಗುತ್ತೆ. ಸಮಯದ ಸರಿಯಾದ ಅಳತೆ ಉಷ್ಣತೆಯನ್ನ ಅವಲಂಬಿಸಿದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಇಂಟರಾಕ್ಷನ್ ಅಂತಾರೆ. ನಾವು ಜೊತೆಪರಿಣಾಮ ಅನ್ನೋಣ.

ಒಂದು ಲೆಕ್ಕ ನೋಡಿ. ಇವು ಅರ್ಥ ಆಗಲಿ ಅಂತ ನಾನು ಇಟ್ಟುಕೊಂಡ ಸಂಖ್ಯೆಗಳು, ಯಾವ ಪ್ರಯೋಗದ್ದೂ ಅಲ್ಲ. ಪಿಷ್ಟ ಶೇ 1, ಹಿಂಡಿ ಶೇ 1 ಹಾಕಿದಾಗ 100 ಯೂನಿಟ್ ಕಿಣ್ವ ಬಂತು. ಪಿಷ್ಟ ಮಾತ್ರ ಶೇ 2 ಮಾಡಿದ್ರೆ 95ಕ್ಕೆ ಇಳೀತು. ಸರಿ, ಪಿಷ್ಟ 1ಕ್ಕೇ ಇರಲಿ. ಈಗ ಹಿಂಡಿ ಮಾತ್ರ ಶೇ 2 ಮಾಡಿದ್ರೆ 98. ಅದೂ ಬೇಡ. ಹಳೇ ಅಳತೆಯೇ ಸರಿ ಅಂತ ಫೈಲ್ ಮುಚ್ಚಿಬಿಡ್ತೀವಿ. ಆದರೆ ಎರಡನ್ನೂ ಒಟ್ಟಿಗೆ ಶೇ 2 ಮಾಡಿದ್ದಿದ್ರೆ 150 ಬರೋದಿತ್ತು. ಆ ಬಾಗಿಲನ್ನ ನಾವು ತಟ್ಟಲೇ ಇಲ್ಲ.

ಒಂದೊಂದೇ ಅಂಶ ಬದಲಿಸೋ ಪದ್ಧತಿಯ ದೊಡ್ಡ ನಷ್ಟ ಇದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್ 1920ರ ದಶಕದಲ್ಲೇ ಇದನ್ನ ವಾದಿಸಿದ್ರು: ಹಲವು ಅಂಶಗಳನ್ನ ಒಟ್ಟಿಗೆ, ಆದರೆ ಒಂದು ಕ್ರಮದಲ್ಲಿ ಬದಲಿಸಿ, ಆಗಲೇ ಜೊತೆಪರಿಣಾಮ ಕಾಣೋದು.

ಹಾಗಾದ್ರೆ ಎಲ್ಲ ಜೋಡಣೆಗಳನ್ನೂ ಮಾಡಿಬಿಡೋಣ ಅಂದ್ರೆ? ಐದು ಅಂಶ, ಒಂದೊಂದಕ್ಕೆ ಕಡಿಮೆ, ಮಧ್ಯಮ, ಹೆಚ್ಚು ಅಂತ ಮೂರು ಮಟ್ಟ. ಮೂರನ್ನ ಐದು ಸಲ ಗುಣಿಸಿದ್ರೆ 243 ಪ್ರಯೋಗ. ಪ್ರತಿಯೊಂದನ್ನ ಮೂರು ಫ್ಲಾಸ್ಕ್‌ನಲ್ಲಿ ಮಾಡಿದ್ರೆ 729 ಫ್ಲಾಸ್ಕ್. ಶೇಕರ್‌ನಲ್ಲಿ ಒಂದು ಸಲಕ್ಕೆ 20 ಹಿಡಿಯುತ್ತೆ, ಒಂದು ಸರದಿಗೆ ಮೂರು ದಿನ ಬೇಕು ಅಂದುಕೊಳ್ಳಿ. 37 ಸರದಿ, 111 ದಿನ. ಪ್ರಶ್ನೆ ಕೇಳಿದವರ ನಾಲ್ಕು ತಿಂಗಳು ಇಲ್ಲೇ ಮುಗೀತು. ಕರೆಂಟು ಹೋಗಿದ್ದು, ಸೋಂಕು ತಗುಲಿ ಚೆಲ್ಲಿದ್ದು ಲೆಕ್ಕಕ್ಕೇ ಬಂದಿಲ್ಲ.

35 ಪ್ರಯೋಗದ ದಾರಿ

ಇದನ್ನ ನಾಲ್ಕು ಮೆಟ್ಟಿಲಲ್ಲಿ ಮಾಡಬಹುದು.

ಮೊದಲನೆಯದು ಜರಡಿ ಹಿಡಿಯೋದು. 1946ರಲ್ಲಿ ಪ್ಲಾಕೆಟ್ ಮತ್ತು ಬರ್ಮನ್ ಅನ್ನೋ ಇಬ್ಬರು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞರು ಒಂದು ವಿನ್ಯಾಸ ಪ್ರಕಟಿಸಿದ್ರು. ಬರೀ 12 ಪ್ರಯೋಗದಲ್ಲಿ 11 ಅಂಶಗಳವರೆಗೆ ಯಾವುದಕ್ಕೆ ತೂಕ ಇದೆ, ಯಾವುದಕ್ಕೆ ಇಲ್ಲ ಅಂತ ನೋಡಬಹುದು. ಪ್ರತಿ ಅಂಶವೂ ಆರು ಪ್ರಯೋಗದಲ್ಲಿ "ಹೆಚ್ಚು" ಮಟ್ಟದಲ್ಲಿ, ಆರರಲ್ಲಿ "ಕಡಿಮೆ" ಮಟ್ಟದಲ್ಲಿ ಇರುತ್ತೆ. ಆ ಆರರ ಸರಾಸರಿಯಿಂದ ಈ ಆರರ ಸರಾಸರಿ ಕಳೆದ್ರೆ ಆ ಅಂಶದ ಪ್ರಭಾವ ಸಿಗುತ್ತೆ. ಬೆಲೆ ಏನಂದ್ರೆ, ಜೊತೆಪರಿಣಾಮಗಳು ಇದರಲ್ಲಿ ಬೇರೆಯಾಗಿ ಕಾಣಲ್ಲ, ಮುಖ್ಯ ಪ್ರಭಾವಗಳ ಜೊತೆ ಬೆರೆತುಹೋಗಿರುತ್ತವೆ. ಹಾಗಾಗಿ ಇದು ಜರಡಿ ಮಾತ್ರ, ಕೊನೆಯ ತೀರ್ಪಲ್ಲ.

ಎರಡನೆಯದು ಹತ್ತೋದು. ತೂಕ ಇರೋ ಮೂರು ಅಂಶ ಸಿಕ್ಕವು ಅಂದುಕೊಳ್ಳಿ. ಇಳುವರಿ ಯಾವ ದಿಕ್ಕಲ್ಲಿ ಏರ್ತಿದೆಯೋ ಆ ಕಡೆಗೆ ಮೂರನ್ನೂ ಒಟ್ಟಿಗೆ ಹೆಜ್ಜೆ ಹೆಜ್ಜೆಯಾಗಿ ಬದಲಿಸ್ತಾ ಹೋಗೋದು. ಐದು ಪ್ರಯೋಗ. ಇಳುವರಿ ಇಳಿಯೋಕೆ ಶುರುವಾದ್ರೆ ಗುಡ್ಡದ ತುದಿ ಅಲ್ಲೇ ಹತ್ತಿರ ಇದೆ ಅಂತ ಅರ್ಥ.

ಮೂರನೆಯದು ನಕ್ಷೆ ಬರೆಯೋದು. ಇದಕ್ಕೆ ರೆಸ್ಪಾನ್ಸ್ ಸರ್ಫೇಸ್ ಪದ್ಧತಿ ಅಂತ ಹೆಸರು. 1951ರಲ್ಲಿ ಜಾರ್ಜ್ ಬಾಕ್ಸ್ ಮತ್ತು ಕೆ. ಬಿ. ವಿಲ್ಸನ್ ಇದನ್ನ ಕೊಟ್ಟಿದ್ದು. ಇಬ್ಬರೂ ಐಸಿಐ ಅನ್ನೋ ರಾಸಾಯನಿಕ ಕಂಪನಿಯಲ್ಲಿದ್ದವರು, ಅಂದ್ರೆ ಇದು ಹುಟ್ಟಿದ್ದೇ ಕಾರ್ಖಾನೆಯ ಅಗತ್ಯಕ್ಕೆ. ಮೂರು ಅಂಶಕ್ಕೆ ಬಾಕ್ಸ್-ಬೆಂಕನ್ ವಿನ್ಯಾಸದಲ್ಲಿ 15 ಪ್ರಯೋಗ ಸಾಕು: 12 ಅಂಚಿನವು, 3 ನಟ್ಟನಡುವಿನವು. ಬಂದ ಇಳುವರಿಗಳಿಗೆ ಹೊಂದೋ ಹಾಗೆ ಒಂದು ವರ್ಗ ಸಮೀಕರಣ ಕೂರಿಸ್ತಾರೆ. ಗುಡ್ಡದ ಆಕಾರ ಕಾಗದದ ಮೇಲೆ ಬರುತ್ತೆ, ತುದಿ ಎಲ್ಲಿದೆ ಅಂತ ಮಾಡೆಲ್ ಹೇಳುತ್ತೆ.

ನಾಲ್ಕನೆಯದು ತಾಳೆ ನೋಡೋದು. ಮಾಡೆಲ್ ಹೇಳಿದ ಜಾಗಕ್ಕೆ ನಿಜವಾಗಿ ಹೋಗಿ ಮೂರು ಹೊಸ ಪ್ರಯೋಗ.

12, 5, 15, 3. ಒಟ್ಟು 35. ಪ್ರತಿಯೊಂದಕ್ಕೂ ಮೂರು ಫ್ಲಾಸ್ಕ್ ಇಟ್ಟರೂ 105. ಅದೇ ಶೇಕರ್‌ನಲ್ಲಿ ಏಳು ಸರದಿ, 21 ದಿನ. 243ರಲ್ಲಿ ಸಿಗೋ ಎಲ್ಲ ಮಾಹಿತಿ ಇದರಲ್ಲಿ ಸಿಗಲ್ಲ. ಆದರೆ ಬೇಕಾದ ಮಾಹಿತಿಯ ಬಹುಪಾಲು ಸಿಗುತ್ತೆ, ಜೊತೆಗೆ ಮೂರು ತಿಂಗಳು ಉಳಿಯುತ್ತೆ.

ಆರ್ ಸ್ಕ್ವೇರ್ 0.98: ಸಂತೋಷ ಪಡಬಹುದಾ?

ಈಗ ಆ ಪ್ರಶ್ನೆ. ಆರ್ ಸ್ಕ್ವೇರ್ ಅಂದ್ರೆ, ನಮ್ಮ ಕೈಲಿರೋ ಅಂಕಿಗಳಲ್ಲಿ ಕಾಣೋ ಏರಿಳಿತದಲ್ಲಿ ಎಷ್ಟು ಪಾಲನ್ನ ಮಾಡೆಲ್ ವಿವರಿಸುತ್ತೆ ಅನ್ನೋ ಅಳತೆ. 1 ಅಂದ್ರೆ ಪೂರ್ತಿ.

ಮೂರು ಅಂಶದ ವರ್ಗ ಸಮೀಕರಣದಲ್ಲಿ ಎಷ್ಟು ಗುಣಾಂಕ ಇರುತ್ತೆ ಎಣಿಸಿ. ಒಂದು ಸ್ಥಿರಾಂಕ, ಮೂರು ನೇರ, ಮೂರು ವರ್ಗ, ಮೂರು ಜೊತೆಪರಿಣಾಮ. ಒಟ್ಟು 10. ನಮ್ಮ ಹತ್ರ ಇರೋದು 15 ಪ್ರಯೋಗ. ತಿರುಗಿಸೋಕೆ ಹತ್ತು ಗುಂಡಿ ಇರೋ ಯಂತ್ರಕ್ಕೆ ಹದಿನೈದು ಚುಕ್ಕೆ ಮುಟ್ಟು ಅಂದ್ರೆ ಸುಲಭವಾಗಿ ಹತ್ತಿರ ಹೋಗುತ್ತೆ. 0.98 ಬಂದಿದೆ ಅಂದ್ರೆ ಮಾಡೆಲ್ ಹಳೇ ಪ್ರಶ್ನೆಪತ್ರಿಕೆಯನ್ನ ಚೆನ್ನಾಗಿ ಬರೆದಿದೆ ಅಂತ. ಹೊಸ ಪತ್ರಿಕೆ ಕೊಟ್ಟಾಗ ಏನಾಗುತ್ತೆ ಅನ್ನೋದು ಬೇರೆ ಮಾತು.

ಅದಕ್ಕೇ ಮೂರು ವಿಷಯ ನೋಡಿ. ಒಂದು, ಸಾಫ್ಟ್‌ವೇರ್ ಕೊಡೋ "ಪ್ರಿಡಿಕ್ಟೆಡ್ ಆರ್ ಸ್ಕ್ವೇರ್". ಒಂದೊಂದೇ ಪ್ರಯೋಗವನ್ನ ಮುಚ್ಚಿಟ್ಟು, ಉಳಿದವುಗಳಿಂದ ಅದನ್ನ ಊಹಿಸೋಕೆ ಆಗುತ್ತಾ ಅಂತ ನೋಡೋ ಅಳತೆ ಅದು. ಮಾಮೂಲಿ ಆರ್ ಸ್ಕ್ವೇರ್ 0.98 ಇದ್ದು ಇದು 0.5 ಇದ್ರೆ ಎಚ್ಚರ. ಎರಡು, ನಡುವಿನ ಮೂರು ಪ್ರಯೋಗ. ಅವುಗಳ ಅಳತೆ ಪೂರ್ತಿ ಒಂದೇ. ಅವುಗಳಲ್ಲೇ ಒಂದು 100, ಒಂದು 125 ಬಂದ್ರೆ ನಿಮ್ಮ ಕೈಯ ಅಥವಾ ಯಂತ್ರದ ಅಲುಗಾಟವೇ ಅಷ್ಟಿದೆ. ಅದಕ್ಕಿಂತ ಸಣ್ಣ ಏರಿಕೆಯನ್ನ ಸಾಧನೆ ಅಂತ ಬರೆಯೋ ಹಾಗಿಲ್ಲ. ಮೂರು, ತಾಳೆ ನೋಡೋ ಪ್ರಯೋಗ. ಅವು ಮಾಡೆಲ್ ಕಟ್ಟೋವಾಗ ಬಳಸದೇ ಇರೋ ಹೊಸವೇ ಆಗಿರಬೇಕು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಬಜೆಟ್‌ನಲ್ಲಿ ಬರೆದ ಲಾಭಕ್ಕೆ ಯಾರೂ ಡಿವಿಡೆಂಡ್ ಹಂಚಲ್ಲ. ವರ್ಷದ ಕೊನೆಗೆ ಬಜೆಟ್ ಎಷ್ಟು, ಆಗಿದ್ದೆಷ್ಟು ಅಂತ ತಾಳೆ ನೋಡಲೇಬೇಕು.

ಆದ್ದರಿಂದ ಆ ಕೇಳುಗರಿಗೆ ನನ್ನ ಉತ್ತರ: ಥೀಸಿಸ್ ಬರೆಯೋ ಮುಂಚೆ ಇನ್ನೊಂದು ಸರದಿ ಶೇಕರ್ ಓಡಿಸಿ. ಮಾಡೆಲ್ ಹೇಳಿದ ತುದಿಯಲ್ಲಿ ಮೂರು, ಸಾಧ್ಯ ಆದರೆ ತುದಿಯಿಂದ ಆಚೆ, ಇಳುವರಿ ಕಡಿಮೆ ಅಂತ ಹೇಳಿದ ಕಡೆಯೂ ಒಂದೆರಡು. ಕಡಿಮೆ ಅಂದಲ್ಲಿ ಕಡಿಮೆಯೇ ಬಂದ್ರೆ ನಿಮ್ಮ ನಕ್ಷೆಗೆ ಬೆಲೆ ಬರುತ್ತೆ. ಹೊಂದದೇ ಹೋದ್ರೆ ಅದನ್ನೂ ಬರೀರಿ, ಅದೂ ಫಲಿತಾಂಶವೇ.

ಇನ್ನೊಂದು ಮಾತು. ನೀವು ಪಿಷ್ಟವನ್ನ ಶೇ 1ರಿಂದ 3ರವರೆಗೆ ಮಾತ್ರ ಪರೀಕ್ಷೆ ಮಾಡಿದ್ರೆ ಶೇ 6ಕ್ಕೆ ಏನಾಗುತ್ತೆ ಅಂತ ಮಾಡೆಲನ್ನ ಕೇಳಬೇಡಿ. ಅದು ಉತ್ತರ ಕೊಡುತ್ತೆ, ಕೊಡದೆ ಇರಲ್ಲ. ವರ್ಗ ಸಮೀಕರಣ ಅಂದ್ರೆ ಬಿಲ್ಲಿನಂಥ ಗೆರೆ, ದೂರ ಹೋದಷ್ಟೂ ಕೆಳಗೆ ಬೀಳ್ತಾ ಒಂದು ಕಡೆ ಮೈನಸ್ ಕಿಣ್ವ ಬರುತ್ತೆ ಅಂತಲೂ ಹೇಳಬಹುದು!

ಎಐ ಬಂದಮೇಲೆ ಪ್ರಯೋಗವೇ ಬೇಡ್ವಾ?

ಇತ್ತೀಚಿನ ಸಂಶೋಧನಾ ಲೇಖನಗಳಲ್ಲಿ ಸಮೀಕರಣದ ಬದಲು ನ್ಯೂರಲ್ ನೆಟ್‌ವರ್ಕ್ ಬಳಸಿ, ಆಮೇಲೆ ಜೆನೆಟಿಕ್ ಆಲ್ಗಾರಿದಮ್‌ನಿಂದ ತುದಿ ಹುಡುಕೋದು ಹೆಚ್ಚಾಗಿ ಕಾಣುತ್ತೆ. ಗುಡ್ಡಕ್ಕೆ ಒಂದೇ ತುದಿ ಇರದೆ ಏಳುಬೀಳು ಇದ್ದಾಗ ಇದು ಅನುಕೂಲ. ಆದರೆ ಗುಂಡಿ ಎಣಿಸೋದನ್ನ ಮರೀಬೇಡಿ. ಮೂರು ಅಂಶ ಒಳಗೆ, ನಡುವೆ ಐದು ನ್ಯೂರಾನ್, ಹೊರಗೆ ಒಂದು ಉತ್ತರ ಇರೋ ಪುಟಾಣಿ ನೆಟ್‌ವರ್ಕ್‌ನಲ್ಲೇ 26 ಗುಂಡಿ ಇರುತ್ತೆ. ಪ್ರಯೋಗ ಇರೋದು 15. ಹೀಗಿದ್ದಾಗ ಅದು ಕಲಿಯೋ ಬದಲು ಬಾಯಿಪಾಠ ಮಾಡಿಬಿಡೋ ಅಪಾಯ ದೊಡ್ಡದು.

ನನಗೆ ಹೆಚ್ಚು ಹಿಡಿಸಿದ್ದು ಬೇಯ್ಸಿಯನ್ ಆಪ್ಟಿಮೈಜೇಶನ್ ಅನ್ನೋ ದಾರಿ. ಅಲ್ಲಿ ಮಾಡೆಲ್ "ಇಲ್ಲಿ ಇಷ್ಟು ಬರುತ್ತೆ" ಅನ್ನೋದರ ಜೊತೆ "ಈ ಊಹೆಯಲ್ಲಿ ನನಗೆ ಎಷ್ಟು ಅನುಮಾನ ಇದೆ" ಅಂತಲೂ ಹೇಳುತ್ತೆ. ಎರಡನ್ನೂ ತೂಗಿ ಮುಂದಿನ ಪ್ರಯೋಗ ಎಲ್ಲಿ ಮಾಡಬೇಕು ಅಂತ ಆರಿಸ್ತಾರೆ, ಫಲಿತಾಂಶ ಬಂದ ಮೇಲೆ ಮಾಡೆಲ್ ಮತ್ತೆ ತಿದ್ದಿಕೊಳ್ಳುತ್ತೆ. ಗಮನಿಸಿ, ಅಲ್ಲೂ ಪ್ರಯೋಗ ನಿಲ್ಲಲ್ಲ. ಮುಂದಿನದು ಯಾವುದು ಅನ್ನೋ ಆಯ್ಕೆ ಮಾತ್ರ ಚುರುಕಾಗುತ್ತೆ.

ಹಾಗೆಯೇ, 2024ರ ರಸಾಯನಶಾಸ್ತ್ರ ನೊಬೆಲ್ ಬಂದ ಪ್ರೋಟೀನ್ ಆಕಾರ ಊಹಿಸೋ ಎಐ ಬೇರೆ ವಿಷಯ. ಅದು ಕಿಣ್ವವನ್ನೇ ಬದಲಿಸೋಕೆ ನೆರವಾಗುತ್ತೆ. ನಾವು ಇವತ್ತು ಮಾತಾಡಿದ್ದು ಇರೋ ಕಿಣ್ವವನ್ನ ಹೆಚ್ಚು ಪಡೆಯೋದರ ಬಗ್ಗೆ.

ಹೆಚ್ಚು ಇಳುವರಿ ಅಂದ್ರೆ ಅಗ್ಗ ಅಂತಲ್ಲ

ಕೊನೆಗೆ ನನ್ನ ವಿಷಯಕ್ಕೆ ಬರ್ತೀನಿ, ಕಾಸ್ಟಿಂಗ್. ಮತ್ತೆ ಇವೂ ಉದಾಹರಣೆಯ ಸಂಖ್ಯೆಗಳೇ. ಮೊದಲ ಪಾಕದಲ್ಲಿ ಮಿಲಿಲೀಟರಿಗೆ 150 ಯೂನಿಟ್, ಒಂದು ಲೀಟರ್ ದ್ರವಕ್ಕೆ ಸಾಮಾನಿನ ಖರ್ಚು 30 ರೂಪಾಯಿ. ಎರಡನೆಯದರಲ್ಲಿ ಯೀಸ್ಟ್ ಎಕ್ಸ್‌ಟ್ರಾಕ್ಟ್ ಬದಲು ಹಿಂಡಿ: 135 ಯೂನಿಟ್, ಖರ್ಚು 18 ರೂಪಾಯಿ. ಸಾವಿರ ಯೂನಿಟ್‌ಗೆ ಮೊದಲನೆಯದು 20 ಪೈಸೆ, ಎರಡನೆಯದು 13 ಪೈಸೆ. ಎರಡನೆಯದೇ ಗೆದ್ದಿತು ಅನ್ಸುತ್ತೆ.

ತಡೀರಿ. ಟ್ಯಾಂಕ್, ಕರೆಂಟು, ಸಂಬಳ ಎಲ್ಲ ಸೇರಿ ಲೀಟರಿಗೆ 200 ರೂಪಾಯಿ ಸ್ಥಿರ ವೆಚ್ಚ ಇದೆ ಅಂದುಕೊಳ್ಳಿ. ಈಗ ಮೊದಲನೆಯದು 1 ರೂಪಾಯಿ 53 ಪೈಸೆ, ಎರಡನೆಯದು 1 ರೂಪಾಯಿ 61 ಪೈಸೆ. ಲೆಕ್ಕ ತಿರುಗಿಬಿತ್ತು! ಬಾಡಿಗೆ ಟ್ಯಾಂಕ್ ದುಬಾರಿ ಆದಷ್ಟೂ ಹೆಚ್ಚು ಇಳುವರಿಗೆ ಬೆಲೆ. ಟ್ಯಾಂಕ್ ಖಾಲಿ ಬಿದ್ದಿದ್ರೆ ಅಗ್ಗದ ಸಾಮಾನಿಗೆ ಬೆಲೆ. ಹಾಗಾಗಿ ಮಾಡೆಲ್‌ಗೆ "ಹೆಚ್ಚು ಮಾಡು" ಅನ್ನೋ ಮೊದಲು ಏನನ್ನ ಹೆಚ್ಚು ಮಾಡಬೇಕು ಅಂತ ನಾವು ನಿರ್ಧರಿಸಬೇಕು. ಅದನ್ನ ಸಾಫ್ಟ್‌ವೇರ್ ನಿರ್ಧರಿಸಲ್ಲ.

ಮಾಡೆಲ್‌ನ ಅಂಕಣಗಳಲ್ಲಿ ಇಲ್ಲದ ವಿಷಯಗಳೂ ಇವೆ. ಈ ತಿಂಗಳ ಬೂಸಾ ಚೀಲ ಹೋದ ತಿಂಗಳಿನ ಹಾಗೇ ಇರಲ್ಲ. 250 ಮಿಲಿಲೀಟರ್ ಫ್ಲಾಸ್ಕ್‌ನಲ್ಲಿ ಅಲುಗಾಡಿಸಿದ್ರೆ ಸಿಗೋ ಆಮ್ಲಜನಕ ಸಾವಿರಾರು ಲೀಟರಿನ ಟ್ಯಾಂಕ್‌ನಲ್ಲಿ ಹಾಗೇ ಸಿಗಲ್ಲ. ಅಲ್ಲಿ ಗಾಳಿ ಊದಬೇಕು, ನೊರೆ ತಡೀಬೇಕು, ಬ್ಯಾಕ್ಟೀರಿಯಾ ಬೆಳೀತಾ ಹುಟ್ಟೋ ಬಿಸಿಯನ್ನ ಹೊರಹಾಕಬೇಕು. ಫ್ಲಾಸ್ಕ್‌ನ ನಕ್ಷೆಯನ್ನ ಟ್ಯಾಂಕ್‌ಗೆ ನೇರವಾಗಿ ಹಾಕೋಕಾಗಲ್ಲ. ಮಧ್ಯದ ಗಾತ್ರಗಳಲ್ಲಿ ಮತ್ತೆ ತಾಳೆ ನೋಡ್ತಾ ಹೋಗಬೇಕು. ಯೂನಿಟ್ ಅನ್ನೋದೂ ಹಾಗೇ. 50 ಡಿಗ್ರಿಯಲ್ಲಿ ಅಳೆದ 150 ಯೂನಿಟನ್ನ 90 ಡಿಗ್ರಿಯಲ್ಲಿ ಅಳೆದ 150ಕ್ಕೆ ಹೋಲಿಸೋ ಹಾಗಿಲ್ಲ. ಕೊಳ್ಳೋರು ಇದನ್ನ ಮೊದಲು ಕೇಳಬೇಕು.

ಮುಂದೆ ಯಾರಾದ್ರೂ "ಮಾಡೆಲ್‌ನಿಂದ ಇಳುವರಿ ಮೂರು ಪಟ್ಟು" ಅಂತ ಸುದ್ದಿ ತೋರಿಸಿದ್ರೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಪ್ರಯೋಗದಿಂದ ಕಟ್ಟಿದ ಮಾಡೆಲ್? ಹೊಸ ಪ್ರಯೋಗದಲ್ಲಿ ತಾಳೆ ನೋಡಿದ್ರಾ? ಮೂರು ಪಟ್ಟು ಯಾವುದಕ್ಕಿಂತ? ಯಾವ ಗಾತ್ರದ ಪಾತ್ರೆಯಲ್ಲಿ? ನಾಲ್ಕಕ್ಕೂ ಉತ್ತರ ಸಿಕ್ಕರೆ ಆ ಸುದ್ದಿ ಓದೋಕೆ ಯೋಗ್ಯ.

ನಿಮ್ಮ ಲ್ಯಾಬ್‌ನ, ನಿಮ್ಮ ಘಟಕದ ಅನುಭವ ಇದ್ದರೆ ಬರೆದು ಕಳಿಸಿ, ಧ್ವನಿ ಸಂದೇಶವಾದರೂ ಸರಿ.